ಪಾರ್ಟಿಷನ್ ಹಿಗ್ಗಿತು, ಜಾಗ ಹೆಚ್ಚಲಿಲ್ಲ

ಮಂಗಳೂರಿನ ಹಂಪನಕಟ್ಟೆಯ ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ ರೈಡ್ 1 ಜೋಡಿಯ (ಒಂದೇ ಮಾಹಿತಿಯನ್ನು ಎರಡು ಡಿಸ್ಕ್‌ಗಳಲ್ಲೂ ಇಡುವ ವ್ಯವಸ್ಥೆ) ಎರಡೂ ಡಿಸ್ಕ್‌ಗಳ ಪಾರ್ಟಿಷನ್, ಅಂದರೆ ಡಿಸ್ಕ್‌ನ ವಿಭಾಗ, ಹಿಗ್ಗಿಸಿದೆ. ಆದರೂ ಈ ಜೋಡಿಯನ್ನು ನಿಭಾಯಿಸುವ ಎಂಡಿಎಡಿಎಂ ಎಂಬ ತಂತ್ರಾಂಶ ಹಳೆಯ ಅಳತೆಯನ್ನೇ ತೋರಿಸುತ್ತಿತ್ತು. ಪ್ರತಿ ಪಾರ್ಟಿಷನ್‌ನ ಸೂಪರ್‌ಬ್ಲಾಕ್‌ನಲ್ಲಿ (ಜೋಡಿಯ ವಿವರ ಬರೆದಿಡುವ ಚಿಕ್ಕ ಜಾಗ) ಹಳೆಯ ಗಾತ್ರವೇ ದಾಖಲಾಗಿ ಉಳಿದಿತ್ತು.

ಮೊದಲು ಬ್ಯಾಕಪ್ ತೆಗೆದು, ಅದರಿಂದ ಒಂದೆರಡು ಕಡತಗಳನ್ನು ಮರಳಿ ತೆರೆದು ನೋಡಿದೆ. ನಂತರ ಒಂದು ಪಾರ್ಟಿಷನ್ನನ್ನು ಜೋಡಿಯಿಂದ ಬಿಡಿಸಿ, ಸೂಪರ್‌ಬ್ಲಾಕ್ ಅಳಿಸಿ, ಮತ್ತೆ ಸೇರಿಸಿದೆ. ಇನ್ನೊಂದು ಡಿಸ್ಕ್‌ನಿಂದ ಮರುನಕಲು ಮುಗಿಯುವ ತನಕ, ಬ್ಯಾಕಪ್ ಬಿಟ್ಟರೆ, ನಮ್ಮ ಕೈಯಲ್ಲಿರುವುದು ಒಂದೇ ಪ್ರತಿ. ಕರಾವಳಿಯ ಮಳೆಗಾಲದ ಕರೆಂಟನ್ನು ನಂಬಿ ಈ ಕೆಲಸಕ್ಕೆ ಇಳಿಯಲೇಬಾರದು; ಯುಪಿಎಸ್ ಬ್ಯಾಟರಿ ಪರೀಕ್ಷಿಸಿಯೇ ಶುರು ಮಾಡಿದ್ದೆ. ಜೋಡಿಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಕಡತದಲ್ಲಿ ಎರಡೂ ‘ಯು’ (ಎರಡೂ ಡಿಸ್ಕ್ ಸರಿಯಾಗಿವೆ ಎಂಬ ಗುರುತು) ಕಂಡ ಮೇಲೆಯೇ ಎರಡನೆಯ ಡಿಸ್ಕ್‌ಗೂ ಹೀಗೆಯೇ ಮಾಡಿದೆ.

ಕೊನೆಗೆ ಎಂಡಿಎಡಿಎಂನ ಗ್ರೋ ಆದೇಶಕ್ಕೆ ಸೈಜ್ ಮ್ಯಾಕ್ಸ್ ಕೊಟ್ಟು ಜೋಡಿಯನ್ನು ಪೂರ್ತಿ ಹಿಗ್ಗಿಸಿ, ಫೈಲ್‌ಸಿಸ್ಟಮ್ (ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಹಿಗ್ಗಿಸಲು ರಿಸೈಜ್‌ಟುಎಫ್‌ಎಸ್ ಓಡಿಸಿದೆ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆದ್ದರಿಂದ ಸರ್ವರ್ ನಿಲ್ಲಿಸಬೇಕಾಗಲಿಲ್ಲ. ಕುಗ್ಗಿಸುವುದಾದರೆ ಕ್ರಮ ತಿರುಗುಮುರುಗು: ಮೊದಲು ಫೈಲ್‌ಸಿಸ್ಟಮ್, ಅದೂ ಅನ್‌ಮೌಂಟ್ ಮಾಡಿದ (ಬಳಕೆಯಿಂದ ಬಿಡಿಸಿದ) ಮೇಲೆ.