ಹಾರುವುದು ಆಮೇಲೆ, ಮೊದಲು ನೆಟ್ಟಗೆ ಓಡಲಿ

ಬೀದರಿನ ಹುಡುಗರಿಗೆ ವಿಮಾನದ ಹುಚ್ಚು ಹೊಸದಲ್ಲ. ಆಕಾಶದಲ್ಲಿ ಕಸರತ್ತು ಮಾಡುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ಇಲ್ಲಿನ ವಾಯುನೆಲೆಯಲ್ಲಿ. ಅದೇ ನೆಲೆ ಇರುವುದರಿಂದ ಮಾಡೆಲ್ ವಿಮಾನವನ್ನು ಸುಮ್ನೆ ಹಾರಿಸುವಂತಿಲ್ಲ. ಹಾಗಾಗಿ ನಾನು, ಅಕ್ಕನ ಮಗ ಇಬ್ಬರೂ ಅಂಗಳದಲ್ಲೇ ಓಡಿಸುತ್ತೇವೆ. ನೆಟ್ಟಗೆ ಓಡಿಸುವುದೂ ಸಣ್ಣ ಕೆಲಸವಲ್ಲ.

ಮೊದಲು ತೂಕದ ನಡು ಹುಡುಕಿ. ಬ್ಯಾಟರಿ ಒಳಗಿಟ್ಟು, ಎರಡೂ ರೆಕ್ಕೆಯ ಕೆಳಗೆ ಒಂದೊಂದು ಬೆರಳು ಕೊಟ್ಟು ಎತ್ತಿ. ಮೂತಿಯೂ ಬಾಲವೂ ಜೋಲದ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ.

ಇನ್ನು ಗಾಲಿ. ಬಂಡಿಯ ಹಿಂದೆ ತೊಗರಿ ಚೀಲ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ಅಲ್ವಾ? ಇಲ್ಲೂ ಅದೇ ಲೆಕ್ಕ. ಮೂತಿಗೊಂದು ಗಾಲಿ ಇದ್ದರೆ, ದೊಡ್ಡ ಗಾಲಿಗಳೆರಡೂ ಗುರುತಿಗಿಂತ ಚೂರು ಹಿಂದಿರಬೇಕು. ಗುರುತು ನೆಲದಿಂದ 10 ಸೆಂ.ಮೀ. ಎತ್ತರದಲ್ಲಿದ್ದರೆ ಎರಡೂವರೆ-ಮೂರು ಸೆಂ.ಮೀ. ಹಿಂದೆ ಸಾಕು. ಮುಂದೆ ಬಂದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ತೀರಾ ಹಿಂದೆ ಹೋದರೆ ಮೂತಿ ಏಳಲು ಒಪ್ಪುವುದಿಲ್ಲ. ದೊಡ್ಡ ಗಾಲಿಗಳ ಕೆಳಗೆ ಪುಸ್ತಕ ಇಟ್ಟು ಸಮ ಮಾಡಿ, ಮುಂದಿನ ಗಾಲಿಯನ್ನು ಅಡುಗೆಮನೆಯ ತೂಕದ ಮಿಷನ್ ಮೇಲಿಡಿ. 800 ಗ್ರಾಂ ವಿಮಾನಕ್ಕೆ ಸುಮಾರು 80 ಗ್ರಾಂ ತೋರಿಸಿದರೆ ಸರಿ. ಬಹಳ ಕಡಿಮೆಯಾದರೆ ಗಾಲಿ ತಿರುಗಿಸಿದರೂ ವಿಮಾನ ತಿರುಗದೆ ಜಾರುತ್ತದೆ.

ಬಾಲಕ್ಕೆ ಪುಟ್ಟ ಗಾಲಿ ಇರುವುದರಲ್ಲಿ ಎಲ್ಲ ಉಲ್ಟಾ. ದೊಡ್ಡ ಗಾಲಿಗಳು ಗುರುತಿಗಿಂತ ಮುಂದೆ. ನೋಡಲು ಚೆಂದ, ಆದರೆ ಹಟಮಾರಿ. ಒಂಚೂರು ಸೊಟ್ಟ ಹೋದರೂ ಹಿಂದಿನ ತೂಕ ಮುಂದೆ ನುಗ್ಗಲು ನೋಡುತ್ತದೆ, ವಿಮಾನ ಗಿರ್ರನೆ ಸುತ್ತಿಬಿಡುತ್ತದೆ. ಹೊಸಬರು ಇದರ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಆಮೇಲೆ ಮೋಟರ್. ಮೂತಿಯ ಫ್ಯಾನ್, ಅಂದರೆ ಪ್ರೊಪೆಲರ್, ಬಿಚ್ಚಿಟ್ಟೇ ಕೈ ಹಾಕಿ. ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ಮುಳ್ಳಿನಂತೆ ತಿರುಗುವುದಾದರೆ ಮಾಡೆಲ್ ಎಡಕ್ಕೆ ಎಳೆಯುತ್ತದೆ. ಸುತ್ತಿಕೊಂಡು ಬರುವ ಗಾಳಿ ಬಾಲದ ಎಡಮಗ್ಗುಲಿಗೆ ಬಡಿಯುವುದು ಇದಕ್ಕೆ ಒಂದು ಕಾರಣ. ಎಡಗಡೆಯ ಸ್ಕ್ರೂಗಳಲ್ಲಿ ಮೋಟರಿನ ಹಿಂದೆ ತೆಳು ವಾಷರ್ ಕೊಡಿ. ಮೋಟರ್ ಒಂದೆರಡು ಡಿಗ್ರಿ ಬಲಕ್ಕೆ ಮುಖ ಮಾಡುತ್ತದೆ. ಸೂರ್ಯಕಿರಣದ ಹಾಕ್ ವಿಮಾನಕ್ಕೆ ಈ ರಗಳೆ ಇಲ್ಲ, ಅದು ಜೆಟ್, ಪ್ರೊಪೆಲರೇ ಇಲ್ಲ.

ಥ್ರಾಟಲ್, ಅಂದರೆ ಮೋಟರಿನ ವೇಗ, ನಿಧಾನಕ್ಕೆ ಕೊಡಿ. ಮೋಟರಿನ ಎಳೆತ ಗಾಲಿಗಿಂತ ಎಷ್ಟೋ ಮೇಲಿರುತ್ತದೆ. ಒಮ್ಮೆಲೇ ಕೊಟ್ಟರೆ ಮೂತಿ ನೆಲದತ್ತ ಬಾಗುತ್ತದೆ. ನಮ್ಮ ಬಾಲಗಾಲಿಯ ಮಾಡೆಲ್ ಮೊದಲ ದಿನವೇ ಹುಲ್ಲಿಗೆ ಸಿಕ್ಕಿ ಮುಗ್ಗರಿಸಿತು. ಪ್ರೊಪೆಲರ್ ಎರಡು ತುಂಡು. ಹುಡುಗ ಒಂದು ತುಂಡು ಹಿಡಿದು ಬಂದು ಕೇಳಿದ: “ಮಾಮಾ, ಇನ್ನೊಂದು ಐತೇನು?”