ಡಿಸ್ಕ್ ಬ್ರೇಕ್ ಕಿರುಚುತ್ತಿದ್ದರೆ ಪ್ಯಾಡ್ ಉಜ್ಜಿದರೆ ಸಾಲದು

ಬೈಕಿನ ಡಿಸ್ಕ್ ಬ್ರೇಕ್ ಹಿಡಿದಾಗ ಬರುವ ಕೀರಲು ಸದ್ದು ಅಸಲಿಗೆ ಕಂಪನ. ಪ್ಯಾಡ್ ಡಿಸ್ಕನ್ನು ಸಮನಾಗಿ ಒತ್ತದೆ ಕಚ್ಚಿ ಬಿಟ್ಟು, ಕಚ್ಚಿ ಬಿಟ್ಟು ಮಾಡಿದಾಗ ಡಿಸ್ಕ್ ಜಾಗಟೆ ಹಾಗೆ ಮೊಳಗುತ್ತದೆ. ಗ್ಯಾರೇಜಿನಲ್ಲಿ ಪ್ಯಾಡ್ ತೆಗೆದು ಎಮರಿ ಪೇಪರ್‌ಗೆ ಉಜ್ಜಿ ಮತ್ತೆ ಕೂರಿಸಿದರೆ ಸದ್ದು ನಿಲ್ಲುತ್ತದೆ, ಆದರೆ ಸ್ವಲ್ಪ ದಿನಕ್ಕೇ ಮರಳುತ್ತದೆ. ಪ್ಯಾಡನ್ನು ಓರೆಯಾಗಿ ಒತ್ತುತ್ತಿದ್ದ ಪಿಸ್ಟನ್ (ಪ್ಯಾಡನ್ನು ತಳ್ಳುವ ಭಾಗ), ಬ್ರೇಕ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್‌ಗಳನ್ನು ಯಾರೂ ಮುಟ್ಟಿರುವುದಿಲ್ಲ.

ಮಳೆಯಲ್ಲಿ ರಾತ್ರಿಯಿಡೀ ಹೊರಗೆ ನಿಂತ ಗಾಡಿ ಬೆಳಗ್ಗೆ ಕಿರುಚಿದರೆ ಗಾಬರಿ ಬೇಡ. ಡಿಸ್ಕ್ ಮೇಲಿನ ತೆಳು ತುಕ್ಕು ನಾಲ್ಕೈದು ಸಲ ಬ್ರೇಕ್ ಹಿಡಿಯುವಷ್ಟರಲ್ಲಿ ಹೋಗುತ್ತದೆ. ಬಿಸಿಲಲ್ಲೂ ದಿನವೂ ಕೂಗುತ್ತಿದ್ದರೆ ಪ್ಯಾಡ್, ಪಿಸ್ಟನ್ ಹಿಡಿದಿರುವ ಕ್ಯಾಲಿಪರ್ ಬಿಚ್ಚಲೇಬೇಕು.

ಬೇಕಾದ ಸಾಮಾನು: ಅಲೆನ್ ಕೀ, ಸಾಕೆಟ್ ಸ್ಪ್ಯಾನರ್, ಬ್ರೇಕ್ ಕ್ಲೀನರ್ ಸ್ಪ್ರೇ, ಹಳೇ ಟೂತ್‌ಬ್ರಷ್, 120 ಅಥವಾ 150 ನಂಬರಿನ ಎಮರಿ ಪೇಪರ್, ಸಿಲಿಕೋನ್ ಗ್ರೀಸ್, ಮಾಸ್ಕ್. ಪ್ಯಾಡ್‌ಗಳನ್ನು ಹಿಡಿದಿಡುವ ಪ್ಯಾಡ್ ಪಿನ್ ಬಿಗಿಯಾಗಿರುತ್ತದೆ. ಕ್ಯಾಲಿಪರ್ ಫೋರ್ಕ್‌ನಲ್ಲಿ ಗಟ್ಟಿಯಾಗಿ ಕೂತಿರುವಾಗಲೇ ಈ ಪಿನ್ನನ್ನು ಸ್ವಲ್ಪ ಸಡಿಲಿಸಿಕೊಳ್ಳಿ, ಆಮೇಲೆ ಮೌಂಟಿಂಗ್ ಬೋಲ್ಟ್ ಬಿಚ್ಚಿ. ಕ್ಯಾಲಿಪರನ್ನು ಹೋಸ್ (ಬ್ರೇಕ್ ಫ್ಲೂಯಿಡ್ ಪೈಪ್) ಮೇಲೆ ಜೋತುಬಿಡದೆ ತಂತಿಯಿಂದ ಕಟ್ಟಿ. ಎಬಿಎಸ್ ಗಾಡಿಯಾದರೆ ಸೆನ್ಸರ್ ವೈರ್ ಎಳೆಯದಂತೆ ನೋಡಿಕೊಳ್ಳಿ. ಪ್ಯಾಡಿನ ಧೂಳನ್ನು ಏರ್ ಹೊಡೆದು ಹಾರಿಸಬೇಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಈಗ ಪ್ಯಾಡ್‌ಗಳನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿ. ರೋಗ ಎಲ್ಲಿದೆ ಎಂದು ಅವೇ ಹೇಳುತ್ತವೆ. ಮೇಲ್ಮೈ ಗಾಜಿನ ಹಾಗೆ ಮಿನುಗುತ್ತಿದ್ದರೆ ಬಿಸಿಗೆ ಗ್ಲೇಜ್ ಆಗಿದೆ. ಒಂದು ತುದಿ ತೆಳ್ಳಗೆ, ಇನ್ನೊಂದು ದಪ್ಪಗೆ ಇದ್ದರೆ, ಅಥವಾ ಪಿಸ್ಟನ್ ಪಕ್ಕದ್ದು ಸವೆದು ಆಚೆ ಪಕ್ಕದ್ದು ಹೊಸದರಂತೆ ಉಳಿದಿದ್ದರೆ, ಸ್ಲೈಡ್ ಪಿನ್ ಜಾಮ್ ಆಗಿದೆ. ಕಪ್ಪಗೆ ಜಿಡ್ಡಾಗಿದ್ದರೆ ಎಣ್ಣೆ ಹೀರಿದೆ. ಸವೆತ ತೋರಿಸಲು ಪ್ಯಾಡಿನಲ್ಲಿರುವ ಗೀರು ಅಳಿಸುವಷ್ಟು ಸವೆದಿದ್ದರೆ, ಇಲ್ಲವೇ ಘರ್ಷಣೆಯ ಪದರ 1 ಮಿ.ಮೀ. ಹತ್ತಿರ ಬಂದಿದ್ದರೆ, ಬದಲಿಸಬೇಕು. ಎರಡನ್ನೂ ಒಟ್ಟಿಗೇ ಬದಲಿಸಿ.

ಎಣ್ಣೆ ಎಲ್ಲಿಂದ ಬಂತು? ಮುಂದಿನ ಬ್ರೇಕಾದರೆ ಮೊದಲು ಫೋರ್ಕ್ ಸೀಲ್ ಸೋರುತ್ತಿದೆಯೇ ನೋಡಿ. ಹಿಂದಿನದಾದರೆ ಚೈನ್ ಲೂಬ್ ಸಿಡಿದಿರಬಹುದು. ವಾಟರ್ ಸರ್ವಿಸ್ ಮಾಡಿಸುವಾಗ ಗಾಡಿ ಫಳಫಳ ಹೊಳೆಯಲಿ ಅಂತ ಡೀಸೆಲ್ ಸ್ಪ್ರೇ ಹೊಡೆಸುವ ಅಭ್ಯಾಸವಿದ್ದರೆ ದಯವಿಟ್ಟು ಬಿಟ್ಟುಬಿಡಿ. ಅದು ಸದ್ದಿನ ಮಾತಲ್ಲ, ಬ್ರೇಕೇ ಹಿಡಿಯದೆ ಹೋಗುತ್ತದೆ. ಎಣ್ಣೆ ಹೀರಿದ ಆರ್ಗ್ಯಾನಿಕ್ ಪ್ಯಾಡನ್ನು ಉಳಿಸಲು ಹೋಗಬೇಡಿ, ಎಸೆಯಿರಿ.

ಪಲ್ಸರ್ 150, ಕ್ಲಾಸಿಕ್ 350 ಸೇರಿ ನಮ್ಮ ರಸ್ತೆಯ ಬಹುಪಾಲು ಗಾಡಿಗಳಲ್ಲಿ ಮುಂದಿನ ಪಿಸ್ಟನ್ ಇರುವುದು ಡಿಸ್ಕಿನ ಒಂದೇ ಪಕ್ಕದಲ್ಲಿ. ಆ ಪಕ್ಕದ ಪ್ಯಾಡ್ ಒತ್ತಿದೊಡನೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಆಚೆ ಪಕ್ಕದ ಪ್ಯಾಡನ್ನೂ ಎಳೆದುಕೊಳ್ಳಬೇಕು. ಕೆಂಪು ಧೂಳು, ಮಳೆನೀರು ಪಿನ್ನಿನ ರಬ್ಬರ್ ಬೂಟಿನೊಳಗೆ (ಹೊದಿಕೆಯೊಳಗೆ) ಹೊಕ್ಕರೆ ಈ ಜಾರುವಿಕೆ ನಿಲ್ಲುತ್ತದೆ. ಪಿನ್ ಎಳೆದು ಹಳೇ ಗ್ರೀಸ್ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಅದರ ಪೆಟ್ರೋಲಿಯಂ ಅಂಶಕ್ಕೆ ಬೂಟ್ ಊದಿಕೊಂಡು ಪಿನ್ನನ್ನೇ ಹಿಡಿಯುತ್ತದೆ. ಕೈಯಲ್ಲಿ ತಳ್ಳಿದರೆ ಕ್ಯಾಲಿಪರ್ ತಡೆಯಿಲ್ಲದೆ ಜಾರಬೇಕು.

ಪಿಸ್ಟನ್‌ಗೆ ಹೆಚ್ಚು ತಾಳ್ಮೆ ಬೇಕು. ಪಿಸ್ಟನ್ ಎದುರು ಮರದ ತುಂಡು ಇಟ್ಟು, ಲಿವರ್ ಮೆಲ್ಲಗೆ ಒತ್ತಿ, ಪಿಸ್ಟನ್ 3-4 ಮಿ.ಮೀ. ಹೊರಬರಲಿ. ಹೆಚ್ಚು ಒತ್ತಿದರೆ ಪೂರ್ತಿ ಕಳಚಿ ಬೀಳುತ್ತದೆ. ಹೊರಬಂದ ಭಾಗದ ಕಂದು ಕೆಸರನ್ನು ಸೋಪು ನೀರು, ಟೂತ್‌ಬ್ರಷ್‌ನಿಂದ ಸುತ್ತಲೂ ಉಜ್ಜಿ, ಒರೆಸಿ. ಪೆಟ್ರೋಲ್ ಬೇಡ, ಸೀಲ್ ಹಾಳಾಗುತ್ತದೆ. ಆಮೇಲೆ ಮಾಸ್ಟರ್ ಸಿಲಿಂಡರಿನ (ಲಿವರ್ ಪಕ್ಕದ ಬ್ರೇಕ್ ಫ್ಲೂಯಿಡ್ ಡಬ್ಬಿಯ) ಮುಚ್ಚಳ ತೆಗೆದು, ಟ್ಯಾಂಕ್ ಮೇಲೆ ಬಟ್ಟೆ ಹಾಸಿ, ಪಿಸ್ಟನ್ನನ್ನು ಹೆಬ್ಬೆರಳಿಂದ ಒಳಗೆ ಒತ್ತಿ. ಫ್ಲೂಯಿಡ್ ಉಕ್ಕಿ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ. ಹೆಬ್ಬೆರಳಿಗೆ ಬಗ್ಗದ, ಅಥವಾ ತುಕ್ಕಿನ ಗುಳಿ ಬಿದ್ದ ಪಿಸ್ಟನ್‌ಗೆ ಸೀಲ್ ಕಿಟ್ ಸಮೇತ ರಿಪೇರಿ ಬೇಕು.

ಗ್ಲೇಜ್ ಆದ ಪ್ಯಾಡನ್ನು ಸಮತಟ್ಟಾದ ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು ಎಂಟರ ಆಕಾರದಲ್ಲಿ ಉಜ್ಜಿ, ಹೊಳಪು ಹೋದರೆ ಸಾಕು. ಡಿಸ್ಕ್ ಮೊದಲಾಗಿ ತಿರುಗಿ ಬಂದು ತಾಗುವ ಅಂಚನ್ನು 45 ಡಿಗ್ರಿಯಲ್ಲಿ 1 ಮಿ.ಮೀ.ನಷ್ಟು ಸವೆಸಿದರೆ ಕಚ್ಚುವ ಚಟ ಕಡಿಮೆಯಾಗುತ್ತದೆ. ಡಿಸ್ಕನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಪ್ಯಾಡ್ ಬೆನ್ನಿನ ಶಿಮ್ (ತೆಳು ತಗಡು), ಕ್ಯಾಲಿಪರ್ ಒಳಗಿನ ಸ್ಪ್ರಿಂಗ್ ಪ್ಲೇಟ್ ಮರೆಯದೆ ಹಾಕಿ. ಅವು ಕಳೆದುಹೋದ ಗಾಡಿ ಎಷ್ಟು ಉಜ್ಜಿದರೂ ಕೂಗುತ್ತಲೇ ಇರುತ್ತದೆ.

ಬೋಲ್ಟ್‌ಗಳನ್ನು ಮ್ಯಾನ್ಯುಯಲ್‌ನ ಟಾರ್ಕ್‌ಗೆ ಬಿಗಿದು, ಗಾಡಿ ಅಲುಗಿಸುವ ಮೊದಲೇ ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಇದನ್ನು ಮರೆತರೆ ಮೊದಲ ಸಲ ಹಿಡಿದಾಗ ಬ್ರೇಕ್ ಇರುವುದೇ ಇಲ್ಲ. ಫ್ಲೂಯಿಡ್ ಮಟ್ಟ ನೋಡಿ ಮುಚ್ಚಳ ಹಾಕಿ. ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟು-ಹತ್ತು ಸಲ ಇಳಿಸಿ, ನಡುವೆ ಡಿಸ್ಕ್ ತಣಿಯಲು ಬಿಡಿ. ಇಷ್ಟಾದರೂ ಸದ್ದಿದ್ದರೆ ಡಿಸ್ಕ್ ಮೇಲೆ ಕೆತ್ತಿರುವ ಕನಿಷ್ಠ ದಪ್ಪದೊಂದಿಗೆ ಹೋಲಿಸಿ ಮೈಕ್ರೋಮೀಟರ್‌ನಿಂದ ಅಳೆಯಿರಿ. ಅದಕ್ಕಿಂತ ತೆಳುವಾದ ಡಿಸ್ಕಿಗೆ ಹೊಸ ಪ್ಯಾಡ್ ಹಾಕುವುದು ದಂಡ.