ಲಂಡನ್‌ಗೆ ಹೊಸದಾಗಿ ಬಂದಿದೀರಾ? ಇಲ್ಲಿನ ಕಸುಬಿನ ಗಿಲ್ಡ್‌ಗಳ ಬಗ್ಗೆಯೂ ತಿಳ್ಕೊಂಡಿರಿ

ಹೊಸದಾಗಿ ಬಂದ ಕುಟುಂಬಗಳು ನಮ್ಮ ಸಂಘದಲ್ಲಿ ಕೌನ್ಸಿಲ್ ಟ್ಯಾಕ್ಸು, ಜಿಪಿ (ಏರಿಯಾ ಡಾಕ್ಟರ್), ಸ್ಕೂಲ್ ಸೀಟು ಎಲ್ಲಾ ಕೇಳ್ತಾರೆ, ಆದ್ರೆ ಗಿಲ್ಡ್‌ಗಳ ಬಗ್ಗೆ, ಅಂದ್ರೆ ಒಂದೊಂದು ಕಸುಬಿನವರು ಸೇರಿ ಕಟ್ಕೊಂಡ ಸಂಘಗಳ ಬಗ್ಗೆ, ಯಾರೂ ಕೇಳಲ್ಲ, ಮಕ್ಕಳ ಫ್ಯಾಂಟಸಿ ಕಥೆಗಳಲ್ಲಿ ಮಾತ್ರ ಬರೋ ವಿಷಯ ಅಂದ್ಕೊಂಡಿರ್ತಾರೆ. ಆದ್ರೆ ಸಿಟಿ ಆಫ್ ಲಂಡನ್ ಅನ್ನೋ ಆ ಒಂದು ಚದರ ಮೈಲಿ ಜಾಗದಲ್ಲಿ ಇವತ್ತಿಗೂ 110ಕ್ಕೂ ಹೆಚ್ಚು ಗಿಲ್ಡ್‌ಗಳಿವೆ, ಲಿವರಿ ಕಂಪನಿ ಅಂತಾರೆ ಅವನ್ನ. ನೇಕಾರರದ್ದಕ್ಕೆ 1155ರಲ್ಲೇ ರಾಜನ ಸನ್ನದು ಸಿಕ್ಕಿತ್ತು, ಐಟಿಯವರದ್ದು 1992ರಲ್ಲಿ ನೂರನೆಯದಾಗಿ ಸೇರ್ಕೊಳ್ತು. ನಮ್ಮ ಅಯ್ಯಾವೊಳೆ ಐನೂರ್ವರು ನೆನಪಿದ್ದಾರಲ್ಲ, ಸುಮಾತ್ರದವರೆಗೂ ಶಾಸನ ಬಿಟ್ಟುಹೋದ ವರ್ತಕರ ಸಂಘ, ಅವರು ಶಾಸನದಲ್ಲಷ್ಟೇ ಉಳಿದ್ರು, ಇಲ್ಲಿಯವರು ಇನ್ನೂ ಆಫೀಸ್ ತೆಗೆದು ಕೂತಿದ್ದಾರೆ. ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಐರನ್‌ಮಾಂಗರ್ ಲೇನ್ ಅಂತ ಬೋರ್ಡ್ ನೋಡ್ತಾ ನಡೆದ್ರೆ ಯಾವ ಬೀದೀಲಿ ಯಾವ ವ್ಯಾಪಾರ ಇತ್ತು ಅಂತ ಯಾರೂ ಹೇಳ್ಬೇಕಾಗಿಲ್ಲ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ. ಇವತ್ತು ಟೈಲರಿಂಗೋ ಅಡುಗೆ ಕೆಲಸಾನೋ ಮಾಡೋಕೆ ಲಿವರಿ ಕಂಪನಿ ಮೆಂಬರ್ ಆಗಿರಬೇಕಿಲ್ಲ. ಹಿಂದೆ ಹಾಗಿರಲಿಲ್ಲ, ಸಿಟಿ ಒಳಗೆ ಅಂಗಡಿ ಇಡ್ಬೇಕು ಅಂದ್ರೆ ಫ್ರೀಮನ್ (ಸಿಟೀಲಿ ವ್ಯಾಪಾರ ಮಾಡೋ ಹಕ್ಕು ಪಡೆದವರು) ಆಗಿರಬೇಕಿತ್ತು, ಅದಕ್ಕೆ ಸಾಮಾನ್ಯವಾಗಿ 7 ವರ್ಷ ಒಬ್ಬ ಗುರುವಿನ ಕೈಕೆಳಗೆ ಕೆಲಸ ಕಲೀಬೇಕಿತ್ತು. ಈಗ ಯಾರಾದ್ರೂ "ಗಿಲ್ಡ್ ಮೆಂಬರ್‌ಶಿಪ್ ಇಲ್ದೆ ಇಲ್ಲಿ ಕೆಲಸ ಸಿಗಲ್ಲ, ಇಷ್ಟು ದುಡ್ಡು ಕಟ್ಟಿ" ಅಂದ್ರೆ ದಯವಿಟ್ಟು ಕೊಡ್ಬೇಡಿ, ಮೊದಲು ಸಂಘದಲ್ಲಿ ಯಾರನ್ನಾದ್ರೂ ಕೇಳಿ.

ನಮ್ಮವರಿಗೆ ನಿಜವಾಗ್ಲೂ ಬೇಕಾಗೋದು ಬಂಗಾರದ ವಿಷಯ, ಅದನ್ನ ಸ್ವಲ್ಪ ವಿವರವಾಗಿಯೇ ಹೇಳ್ತೀವಿ. ಅಕ್ಕಸಾಲಿಗರ ಗಿಲ್ಡ್ ಆದ ಗೋಲ್ಡ್‌ಸ್ಮಿತ್ಸ್ ಕಂಪನಿ 1300ರಿಂದಲೇ ಲೋಹದ ಶುದ್ಧತೆ ನೋಡ್ತಾ ಬಂದಿದೆ, ಲಂಡನ್‌ನ ಅಸ್ಸೇ ಆಫೀಸು (ಲೋಹ ಪರೀಕ್ಷೆ ಮಾಡಿ ಮುದ್ರೆ ಹಾಕೋ ಕಚೇರಿ) ಇವತ್ತಿಗೂ ಅವರದ್ದೇ, ಅವರ ಮುದ್ರೆ ಚಿರತೆ ತಲೆ. ಊರಿಂದ ತಂದ ಸರ, ಬಳೆ ಹಾಕ್ಕೊಳ್ಳೋಕೆ ಯಾವ ತೊಂದ್ರೆನೂ ಇಲ್ಲ. ಆದ್ರೆ ವ್ಯಾಪಾರ ಅಂತ ಮಾರೋಕೆ ಹೊರಟ್ರೆ 1973ರ ಹಾಲ್‌ಮಾರ್ಕಿಂಗ್ ಕಾಯ್ದೆ ಬರುತ್ತೆ, 1 ಗ್ರಾಂಗಿಂತ ಹೆಚ್ಚಿನ ಬಂಗಾರದ ಒಡವೆಗೆ ಇಲ್ಲಿ ಒಪ್ಪೋ ಹಾಲ್‌ಮಾರ್ಕ್ ಇಲ್ದೆ ಅದನ್ನ "ಗೋಲ್ಡ್" ಅಂತ ಮಾರೋದು ಅಪರಾಧ, ಬೆಳ್ಳಿಗೆ ಆ ಮಿತಿ 7.78 ಗ್ರಾಂ. ಭಾರತದ ಬಿಐಎಸ್ ಮುದ್ರೆ ಇದ್ರೆ ಸಾಕಲ್ವಾ ಅಂತ ಕೇಳ್ತಾರೆ, ಸಾಕಾಗಲ್ಲ, ಇಲ್ಲಿ ಮತ್ತೆ ಪರೀಕ್ಷೆ ಮಾಡ್ಸಿ ಮುದ್ರೆ ಹಾಕಿಸ್ಬೇಕು. ಲಂಡನ್, ಬರ್ಮಿಂಗ್‌ಹ್ಯಾಮ್, ಶೆಫೀಲ್ಡ್, ಎಡಿನ್‌ಬರಾ ಈ ನಾಲ್ಕು ಕಡೆ ಅಸ್ಸೇ ಆಫೀಸ್ ಇದೆ, ನಿಮ್ಮ ಹೆಸರಲ್ಲೊಂದು ಗುರುತು ಮೊದಲು ರಿಜಿಸ್ಟರ್ ಮಾಡ್ಕೊಂಡು ಆಮೇಲೆ ಒಡವೆ ಕಳಿಸ್ಬೇಕು.

ಮನೆಯಿಂದಲೇ ವಾಟ್ಸಾಪ್ ಗ್ರೂಪಲ್ಲಿ ಒಡವೆ ಮಾರೋ ಅಕ್ಕಂದಿರು ಇದನ್ನ ಗಮನಿಸಿ. "ಒನ್ ಗ್ರಾಂ ಗೋಲ್ಡ್ ಸೆಟ್" ಅಂತ ಊರಲ್ಲಿ ಹಾಕಿದ ಹಾಗೆ ಇಲ್ಲಿ ಹಾಕ್ಬೇಡಿ, "ಗೋಲ್ಡ್ ಪ್ಲೇಟೆಡ್" ಅಂತ ಬರೀರಿ, ಮೋಸ ಮಾಡೋ ಉದ್ದೇಶ ಇಲ್ದೆ ಒಂದು ಪದದಿಂದ ಕಷ್ಟಕ್ಕೆ ಸಿಕ್ಕಿಹಾಕ್ಕೋಬಾರ್ದು. ಕೊಳ್ಳೋವಾಗಲೂ ಅಷ್ಟೇ, 22 ಕ್ಯಾರೆಟ್ ಅಂದ್ರೆ 916 ಅನ್ನೋ ಅಂಕಿ, ಅಸ್ಸೇ ಆಫೀಸ್ ಗುರುತು, ಕಳಿಸಿದವರ ಗುರುತು ಮೂರೂ ಇದೆಯಾ ಅಂತ ನೋಡಿ. ಒಡವೆ ಅಂಗಡಿಯವರು ಈ ಗುರುತುಗಳನ್ನ ವಿವರಿಸೋ ನೋಟಿಸ್ ಕಾಣೋ ಹಾಗೆ ಹಾಕಿರ್ಬೇಕು, ಕೇಳೋಕೆ ಸಂಕೋಚ ಪಡ್ಬೇಡಿ.

ಕಸುಬು ಗೊತ್ತಿದ್ದೂ ಸರ್ಟಿಫಿಕೇಟ್ ಇಲ್ದೆ ಕೂತವರಿಗೆ ಸಿಟಿ ಅಂಡ್ ಗಿಲ್ಡ್ಸ್ ಅನ್ನೋ ಹೆಸರು ಮುಖ್ಯ. 1878ರಲ್ಲಿ ಸಿಟಿ ಮತ್ತು 16 ಲಿವರಿ ಕಂಪನಿಗಳು ಸೇರಿ ಶುರು ಮಾಡಿದ್ದು, ಎಲೆಕ್ಟ್ರಿಕಲ್, ಪ್ಲಂಬಿಂಗ್, ಅಡುಗೆ, ಹೇರ್‌ಡ್ರೆಸಿಂಗ್ ಹೀಗೆ ಎಷ್ಟೋ ಕೆಲಸಕ್ಕೆ ಅವರ ಕ್ವಾಲಿಫಿಕೇಶನ್ ಇದೆ, ಹತ್ತಿರದ ಕಾಲೇಜಲ್ಲಿ ವಿಚಾರಿಸಿ. ಡಿಪೆಂಡೆಂಟ್ ವೀಸಾದಲ್ಲಿ ಬಂದು ಏನ್ಮಾಡೋದು ಅಂತ ಯೋಚಿಸ್ತಿರೋರಿಗೆ ಇದು ಒಳ್ಳೆ ದಾರಿ ಅಂತ ನಮ್ಮ ಅಭಿಪ್ರಾಯ, ಮನೆ ಕೂತು ಕೈಯಲ್ಲಿರೋ ವಿದ್ಯೆ ಮರೆಯೋದು ಬೇಡ. ಒಡವೆ ಕೆಲಸದಲ್ಲಿ ಆಸಕ್ತಿ ಇರೋ ಹದಿಹರೆಯದ ಮಕ್ಕಳಿದ್ರೆ ಕ್ಲರ್ಕೆನ್‌ವೆಲ್‌ನ ಗೋಲ್ಡ್‌ಸ್ಮಿತ್ಸ್ ಸೆಂಟರ್ ನೋಡಿ.

ಸ್ಕೂಲ್ ವಿಷಯಕ್ಕೆ ಬಂದ್ರೆ, ಮರ್ಚಂಟ್ ಟೇಲರ್ಸ್, ಸೇಂಟ್ ಪಾಲ್ಸ್ ಇವೆಲ್ಲ ಗಿಲ್ಡ್ ನಂಟಿನ ಹೆಸರಾಂತ ಶಾಲೆಗಳು, ಫೀಸ್ ಜಾಸ್ತಿ, ಆದ್ರೆ ಎಲ್ಲಾ ಹಾಗೇ ಅಂದ್ಕೋಬೇಡಿ. ಹ್ಯಾಮರ್‌ಸ್ಮಿತ್ ಅಕಾಡೆಮಿ, ರಾಮ್‌ಫರ್ಡ್‌ನ ಡ್ರೇಪರ್ಸ್ ಅಕಾಡೆಮಿ ಇವೂ ಲಿವರಿ ಕಂಪನಿಗಳ ಬೆಂಬಲದಿಂದ ಬಂದ ಸರ್ಕಾರಿ ಶಾಲೆಗಳೇ, ಫೀಸ್ ಇಲ್ಲ. ಸೆಕೆಂಡರಿಗೆ ನಿಮ್ಮ ಕೌನ್ಸಿಲ್‌ಗೆ ಅರ್ಜಿ ಹಾಕೋ ಕೊನೇ ದಿನ ಅಕ್ಟೋಬರ್ 31, ಮರೀಬೇಡಿ.

ಇನ್ನು ಮಕ್ಕಳಿಗೆ ತೋರಿಸೋಕೆ ಎರಡು. ನವೆಂಬರ್ ಎರಡನೇ ಶನಿವಾರ ಲಾರ್ಡ್ ಮೇಯರ್ಸ್ ಶೋ, ಟಿಕೆಟ್ ಇಲ್ದೆ ರಸ್ತೆ ಬದಿ ನಿಂತು ನೋಡ್ಬಹುದು, ಬುಟ್ಟಿ ಹೆಣೆಯೋರ ಗಿಲ್ಡ್‌ನವರು ಹೆಣೆದ ಗಾಗ್, ಮೇಗಾಗ್ ಅನ್ನೋ ದೈತ್ಯರ ಗೊಂಬೆಗಳು ಮೆರವಣಿಗೇಲಿ ಬರುತ್ವೆ (ಸಿಟಿ ಆಫ್ ಲಂಡನ್‌ನ ಈ ಲಾರ್ಡ್ ಮೇಯರ್ರೇ ಬೇರೆ, ಇಡೀ ಲಂಡನ್‌ಗೆ ಚುನಾಯಿತರಾಗೋ ಮೇಯರ್ರೇ ಬೇರೆ). ಚೀಪ್‌ಸೈಡ್ ಹತ್ರ ಬೇಗ ಹೋಗಿ ಜಾಗ ಹಿಡೀರಿ, ಚಳಿ ಇರುತ್ತೆ, ಮಕ್ಕಳಿಗೆ ಸರಿಯಾಗಿ ಸ್ವೆಟರ್, ಟೋಪಿ ಹಾಕಿಸಿ. ಇನ್ನೊಂದು ಜುಲೈನಲ್ಲಿ ಥೇಮ್ಸ್ ನದೀಲಿ ಹಂಸಗಳನ್ನ ಎಣಿಸಿ, ತೂಕ ಮಾಡಿ, ಆರೋಗ್ಯ ನೋಡೋ ಸ್ವಾನ್ ಅಪ್ಪಿಂಗ್, ರಾಜನ ದೋಣಿಗಳ ಜೊತೆ ವೈನ್ ವರ್ತಕರ ಗಿಲ್ಡ್, ಬಟ್ಟೆಗೆ ಬಣ್ಣ ಹಾಕೋರ ಗಿಲ್ಡ್ ಎರಡರ ದೋಣಿಗಳೂ ಹೋಗ್ತವೆ. ಸ್ಲೌ, ವಿಂಡ್ಸರ್ ಕಡೆ ಮನೆ ಮಾಡಿರೋರಿಗಂತೂ ಇದು ಹತ್ತಿರದಲ್ಲೇ ಆಗುತ್ತೆ.